‘ಜೀರೋ ಗ್ರಾವಿಟಿ’ ಮಸಾಜ್ ಕುರ್ಚಿ: ಸೊಂಟಕ್ಕೆ ಸರಿ, ಮೆದುಳಿನ ಮಾತು ಸುಳ್ಳು

ಮೊದಲೇ ಹೇಳಿಬಿಡುತ್ತೇನೆ. ಸೊಂಟ, ಮೀನಖಂಡ ಹಿಡಿದುಕೊಂಡವರಿಗೆ ಈ ಕುರ್ಚಿ ಚೆನ್ನಾಗಿದೆ. ಆದರೆ ‘ಮೆದುಳಿಗೆ ರಕ್ತ ಜಾಸ್ತಿ ಹೋಗುತ್ತದೆ, ನೆನಪು ಚುರುಕಾಗುತ್ತದೆ’ ಅನ್ನುವ ಮಾತು ನಂಬಿ ಒಂದೂವರೆ ಲಕ್ಷ ಹಾಕಲು ಹೊರಟಿದ್ದರೆ, ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ.

ಕೊಂಡವರು ನಮ್ಮ ಕಾಕಾ. ಕಲಬುರಗಿಯ ನೆಹರು ಗಂಜಿನಲ್ಲಿ ಅವರದು ತೊಗರಿಬೇಳೆ ವ್ಯಾಪಾರ. ಬೆಳಗ್ಗೆ ಗಾದಿ ಮೇಲೆ ಕೂತರೆ ಸಂಜೆಗೇ ಏಳುವುದು. ಸೊಂಟ ನೋವು ಹಳೆಯದು. ಈಚೆಗೆ ಎದ್ದು ನಿಂತಾಗ ತಲೆ ತಿರುಗುತ್ತದೆ, ಹೆಸರುಗಳು ಥಟ್ಟನೆ ನೆನಪಾಗುವುದಿಲ್ಲ ಅಂತಲೂ ಶುರು ಮಾಡಿದ್ದರು. ಶೋರೂಮಿನ ಹುಡುಗನಿಗೆ ಇಷ್ಟು ಸಾಕಾಯಿತು. ನಾಸಾ ಟೆಕ್ನಾಲಜಿ, ಬಾಹ್ಯಾಕಾಶದಲ್ಲಿ ತೇಲಿದ ಹಾಗೆ ಇರುತ್ತದೆ, ತೂಕವೇ ಇಲ್ಲದಂತಾಗಿ ರಕ್ತ ನೇರ ತಲೆಗೆ ಹರಿಯುತ್ತದೆ ಅಂದನಂತೆ. ನಾನು ಇಲ್ಲಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುತ್ತೇನೆ. ಹಾಗಾಗಿ ಕುರ್ಚಿ ಮನೆ ಸೇರಿದ ಮೇಲೆ ನನಗೆ ಫೋನ್ ಬಂತು.

“ಬಾ ಅವ್ವಾ, ನಾಸಾದವರ ಕುರ್ಚಿ ಬಂದದ. ಕೂತು ನೋಡು. ಮೆದುಳಿಗೆ ರಕ್ತ ಹೋಗ್ತದಂತ. ಖರೇ ಅದನೋ ಸುಳ್ಳದನೋ ನೀನೇ ಹೇಳಬೇಕು.”

ಬ್ರ್ಯಾಂಡಿನ ಹೆಸರು ಬರೆಯುವುದಿಲ್ಲ. ಯಾಕಂದರೆ ಈ ಮಾತು ಒಂದೇ ಕಂಪನಿಯದ್ದಲ್ಲ. ಎಂಬತ್ತು ಸಾವಿರದ ಕುರ್ಚಿಯಿಂದ ಹಿಡಿದು ನಾಲ್ಕು ಲಕ್ಷದ ಕುರ್ಚಿಯವರೆಗೆ ಎಲ್ಲದರ ಮೇಲೂ ಇದೇ ಬರಹ ಇರುತ್ತದೆ.

ಮೊದಲು ಕುರ್ಚಿಯ ಕಥೆ. ತೂಕ ಸುಮಾರು ನೂರು ಕಿಲೋ. ಕಾಕಾ ಮನೆ ಸೇಡಂ ರಸ್ತೆ ಕಡೆ, ಮೊದಲ ಮಹಡಿ. ತಂದುಕೊಟ್ಟವರು ಗೇಟಿನ ಹತ್ತಿರ ಇಳಿಸಿ, ಮೇಲೆ ಒಯ್ಯುವುದು ನಮ್ಮ ಕೆಲಸ ಅಲ್ಲ ಅಂದರು. ಗಂಜಿನಿಂದ ಹಮಾಲರನ್ನು ಕರೆಸಬೇಕಾಯಿತು. ದಿನವಿಡೀ ಚೀಲ ಹೊರುವವರೇ “ಸಾವ್ಕಾರ್ರೆ, ಇದಕ್ಕ ಹಿಡ್ಯಾಕ ಜಾಗಾನೇ ಇಲ್ಲ” ಅಂತ ನಕ್ಕರು. ನಡುಮನೆಯ ಬಾಗಿಲು ಕಳಚಿ ಒಳಗೆ ತಂದದ್ದಾಯಿತು. ನೀವು ಕೊಳ್ಳುವುದಾದರೆ ಬಾಗಿಲಿನ ಅಗಲ ಅಳೆದುಕೊಂಡು ಹೋಗಿ. ಮೇಲೆ ಒಯ್ಯುವ ಖರ್ಚು ಯಾರದ್ದು ಅಂತಲೂ ಮೊದಲೇ ಬರೆಸಿಕೊಳ್ಳಿ.

ಮಸಾಜ್ ನಿಜವಾಗಿಯೂ ಒಳ್ಳೆಯದಿದೆ. ಬೆನ್ನೊಳಗಿನ ಉರುಳೆಗಳು ಕತ್ತಿನಿಂದ ಶುರುವಾಗಿ ಪಿರ್ರೆಯ ಕೆಳಗಿನವರೆಗೆ ಇಳಿಯುತ್ತವೆ. ಬೆನ್ನುಮೂಳೆಯ ಎರಡೂ ಪಕ್ಕದ ಮಾಂಸ ಹಿಡಿದು ಒತ್ತುವಾಗ, ಒತ್ತಿ ಅಲ್ಲೇ ಒಂದು ಕ್ಷಣ ನಿಲ್ಲುತ್ತವೆ. ಆ ನಿಲುಗಡೆಯೇ ಸೊಗಸು. ಕಾಲಿನ ಗಾಳಿಚೀಲಗಳು ಮೀನಖಂಡವನ್ನು ಹಿಂಡಿ ಬಿಡುತ್ತವೆ. ಇಡೀ ದಿನ ನಿಂತು ಪಾಠ ಮಾಡಿ ಬಂದ ನನ್ನ ಕಾಲಿಗೆ ಅದು ಸ್ವರ್ಗ. ಕಾಕಾ ಸೊಂಟದ ಬಿಗಿ ಕಡಿಮೆಯಾಗಿರುವುದೂ ಖರೆ.

ತೊಂದರೆಗಳೂ ಇವೆ. ರಿಮೋಟ್ ಪೂರ್ತಿ ಇಂಗ್ಲಿಷು, ಅಕ್ಷರ ಸಣ್ಣವು. ಕಾಕು ತನಗೆ ಬೇಕಾದ ಬಟನ್ ಮೇಲೆ ಒಂದು ಕೆಂಪು ಟಿಕಳಿ ಅಂಟಿಸಿಕೊಂಡಿದ್ದಾರೆ. ಅದೊಂದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಅವರು ಗಿಡ್ಡ ಇರುವುದರಿಂದ ಕತ್ತಿಗೆ ಬರಬೇಕಾದ ಉರುಳೆ ಹಿಂದಲೆಗೆ ಬಡಿಯುತ್ತದೆ. ಐದು ಅಡಿಗಿಂತ ಕಡಿಮೆ ಇರುವವರು ಅಂಗಡಿಯಲ್ಲೇ ಕೂತು ನೋಡಿ. ಮೇಲಿನ ಹೊದಿಕೆ ರೆಕ್ಸಿನ್. ನಮ್ಮ ಊರಿನ ಮೇ ತಿಂಗಳು ಗೊತ್ತಲ್ವಾ, 43 ಡಿಗ್ರಿಯಲ್ಲಿ ಬೆನ್ನು ಅದಕ್ಕೆ ಅಂಟಿಕೊಂಡು ಬಿಡುತ್ತದೆ. ಹತ್ತಿಯ ಚಾದರ ಹಾಸಲೇಬೇಕು. ಸೊಂಟಕ್ಕೆ ಶಾಖ ಕೊಡುವ ಬಟನ್ನೂ ಇದೆ. ಕಲಬುರಗಿಯಲ್ಲಿ ಅದನ್ನು ಯಾರು ಒತ್ತುತ್ತಾರೋ!

ಸರ್ವಿಸ್ ಮಾತ್ರ ಕೆಟ್ಟದ್ದು. ಎಡಗಾಲಿನ ಗಾಳಿಚೀಲ ಉಬ್ಬುವುದು ನಿಂತಾಗ ಫೋನ್ ಮಾಡಿದರೆ, ಹೈದರಾಬಾದಿನಿಂದ ಹುಡುಗ ಬರಬೇಕು ಅಂದರು. ಬಂದ, ರಿಪೇರಿ ಮಾಡಿದ. ಆದರೆ ವಾರಂಟಿಯಲ್ಲಿದ್ದ ಕುರ್ಚಿಗೆ ಬಂದುಹೋಗುವ ಖರ್ಚು ಅಂತ ಬೇರೆ ಇಸಿದುಕೊಂಡ.

ಈಗ ಮುಖ್ಯ ವಿಷಯ. ರಿಮೋಟಿನಲ್ಲಿ ‘ಜೀರೋ ಗ್ರಾವಿಟಿ’ ಅಂತ ಒಂದು ಬಟನ್. ಒತ್ತಿದರೆ ಬೆನ್ನು ಹಿಂದಕ್ಕೆ ವಾಲುತ್ತದೆ, ಮಂಡಿ ಮಡಚಿಕೊಳ್ಳುತ್ತದೆ, ಕಾಲು ಎದೆಯ ಮಟ್ಟಕ್ಕಿಂತ ಮೇಲೇಳುತ್ತದೆ. ಈ ಭಂಗಿಗೂ ನಾಸಾಕ್ಕೂ ಸಂಬಂಧ ಇರುವುದು ನಿಜ. 1973-74ರಲ್ಲಿ ನಾಸಾದ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ಸುಮ್ನೆ ಕೈಕಾಲು ಸಡಿಲ ಬಿಟ್ಟು ತೇಲಿದಾಗ ದೇಹ ಯಾವ ಆಕಾರಕ್ಕೆ ಬರುತ್ತದೆ ಅಂತ ಫೋಟೊ ತೆಗೆದು ನೋಡಿದ್ದರು. ಮುಂಡಕ್ಕೂ ತೊಡೆಗೂ ನಡುವೆ ಸುಮಾರು 128 ಡಿಗ್ರಿ ಕೋನ ಬರುತ್ತಿತ್ತು. ಅದನ್ನೇ ಕುರ್ಚಿ ಮಾಡುವವರು ಎತ್ತಿಕೊಂಡರು. ಅಂದರೆ ಇಲ್ಲಿ ಬಂದಿರುವುದು ಕೋನ ಒಂದೇ. ಕಾಕಾನ ಎಂಬತ್ತು ಕಿಲೋ ತೂಕ ಕುರ್ಚಿಯ ಮೇಲೆ ಹಾಗೇ ಇರುತ್ತದೆ. ಆ ಕೋನದಲ್ಲಿ ಸೊಂಟದ ಸ್ನಾಯು ಸಡಿಲ ಬೀಳುತ್ತವೆ, ಹಾಯ್ ಅನ್ನಿಸುತ್ತದೆ. ಅಷ್ಟರ ಮಟ್ಟಿಗೆ ಅವರು ಹೇಳಿದ್ದು ಸರಿ.

ಮೆದುಳಿನ ಲೆಕ್ಕ ನೋಡೋಣ ಅಂತ ನಾನು ಬಿಪಿ ಮಶೀನು, ಟೇಪು, ಮತ್ತೆ ಕೊರೊನಾ ಕಾಲದಲ್ಲಿ ಎಲ್ಲರೂ ಕೊಂಡ ಆ ಬೆರಳಿಗೆ ಹಾಕುವ ಆಕ್ಸಿಮೀಟರ್ ತೆಗೆದುಕೊಂಡು ಹೋಗಿದ್ದೆ. ಕಾಕಾ ನೆಟ್ಟಗೆ ಕೂತಾಗ ಕತ್ತಿನ ಬದಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಕುರ್ಚಿ ಹಿಂದೆ ವಾಲುತ್ತಿದ್ದ ಹಾಗೆ ಕಿವಿಯ ಕೆಳಗಿಂದ ಕೊರಳೆಲುಬಿನ ಕಡೆಗೆ ಒಂದು ನೀಲಿ ರಕ್ತನಾಳ ಮೆಲ್ಲಗೆ ಉಬ್ಬಿ ಬಂತು. ಬೆರಳಿಟ್ಟು ಒತ್ತಿದರೆ ಕೆಳಗಿನ ಭಾಗ ಚಪ್ಪಟೆ, ಬಿಟ್ಟರೆ ಮತ್ತೆ ತುಂಬಿತು. ಆಕ್ಸಿಮೀಟರಿನಲ್ಲಿ ನಾಡಿ ಸ್ವಲ್ಪ ಇಳಿಯಿತು. ಕಾಲಲ್ಲಿ ನಿಂತಿದ್ದ ರಕ್ತ ಎದೆಗೆ ವಾಪಸ್ ಬಂದಿದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ತುಂಬಿಕೊಳ್ಳುತ್ತಿದೆ, ಹಾಗಾಗಿ ಅವಸರ ಕಡಿಮೆ ಮಾಡಿದೆ. ಶೋರೂಮಿನವನು ಇದನ್ನು ತೋರಿಸಿ ‘ನೋಡ್ರಿ ರಕ್ತ ಬಂತು’ ಅಂದರೆ ಯಾರಾದರೂ ನಂಬುತ್ತಾರೆ. ಆದರೆ ಉಬ್ಬಿದ್ದು ತಲೆಯಿಂದ ರಕ್ತ ಕೆಳಗೆ ತರುವ ನಾಳ. ತಲೆಗೆ ರಕ್ತ ಒಯ್ಯುವ ನಾಳ ಬೇರೆ, ಅದು ಒಳಗಿದೆ.

ಇನ್ನು ಟೇಪಿನ ಲೆಕ್ಕ. ನೆಟ್ಟಗೆ ಕೂತಾಗ ಕಾಕಾನ ಕಿವಿ ಹೃದಯಕ್ಕಿಂತ 30 ಸೆಂ.ಮೀ. ಮೇಲಿತ್ತು. ಜೀರೋ ಗ್ರಾವಿಟಿಯಲ್ಲಿ 14 ಸೆಂ.ಮೀ. ಅಂದರೆ ಕುರ್ಚಿ ಎಷ್ಟೇ ವಾಲಿದರೂ ತಲೆ ಹೃದಯಕ್ಕಿಂತ ಮೇಲೇ ಇದೆ. ರಕ್ತ ಒಂದು ಸೆಂ.ಮೀ. ಏರಿದರೆ ಒತ್ತಡ ಸುಮಾರು 0.77 ಮಿ.ಮೀ. ಪಾದರಸದಷ್ಟು ಇಳಿಯುತ್ತದೆ. ಕಾಕಾನ ಬಿಪಿ ಮಾತ್ರೆಯ ಮೇಲೆ 130/80, ಸರಾಸರಿ (ಕೆಳಗಿನ ಸಂಖ್ಯೆಗೆ ಎರಡರ ಅಂತರದ ಮೂರನೇ ಒಂದು ಪಾಲು ಸೇರಿಸಿದರೆ) 97 ಅಂತಿಟ್ಟುಕೊಳ್ಳಿ. ಕೂತಾಗ ಮೆದುಳಿನ ಮಟ್ಟದಲ್ಲಿ 74 ಸಿಗುತ್ತದೆ, ಕುರ್ಚಿ ವಾಲಿದಾಗ 86. ಒತ್ತಡ ಹೆಚ್ಚಿದ್ದು ಹೌದು. ಹಾಗಾದರೆ ರಕ್ತವೂ ಹೆಚ್ಚು ಹರಿಯಬೇಕಲ್ಲ?

ಹರಿಯುವುದಿಲ್ಲ. ಮೆದುಳು ತನಗೆಷ್ಟು ಬೇಕೋ ಅಷ್ಟನ್ನೇ ತೆಗೆದುಕೊಳ್ಳುತ್ತದೆ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡು. ಆದರೆ ಹೃದಯ ನಿಮಿಷಕ್ಕೆ ತಳ್ಳುವ ಐದು ಲೀಟರಿನಲ್ಲಿ ಮುಕ್ಕಾಲು ಲೀಟರಿನಷ್ಟು ಅದಕ್ಕೇ ಬೇಕು. ಇಷ್ಟು ದೊಡ್ಡ ಪಾಲನ್ನು ನಾವು ಕೂತೆವೋ ಮಲಗಿದೆವೋ ಅನ್ನುವುದರ ಮೇಲೆ ಅದು ಬಿಟ್ಟಿರುವುದಿಲ್ಲ. ಒತ್ತಡ ಏರಿದರೆ ಮೆದುಳಿನ ಸಣ್ಣ ನಾಳಗಳು ಕೆಲವೇ ಸೆಕೆಂಡಿನಲ್ಲಿ ಕಿರಿದಾಗುತ್ತವೆ, ಇಳಿದರೆ ಅಗಲವಾಗುತ್ತವೆ. ಹರಿವು ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ. ಡೆನ್ಮಾರ್ಕಿನ ನೀಲ್ಸ್ ಲಾಸೆನ್ 1959ರಲ್ಲಿ ಇದನ್ನು ಗೆರೆ ಎಳೆದು ತೋರಿಸಿದರು. ಸರಾಸರಿ ಒತ್ತಡ 60ರಿಂದ 150ರ ನಡುವೆ ಎಲ್ಲೇ ಇದ್ದರೂ ಹರಿವು ಸಮ ಅಂತ ನಾವು ಇಂದಿಗೂ ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಸಮ ಜಾಗ ಅಷ್ಟು ಅಗಲ ಇಲ್ಲ ಅಂತ ಈಚಿನವರು ತಿದ್ದಿದ್ದಾರೆ. ಆದರೂ ಕಾಕಾನ 74 ಮತ್ತು 86ರಲ್ಲಿ ಮೆದುಳಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ.

“ಅಂದ್ರ ಗಗನಯಾತ್ರಿಗಳಿಗೂ ಹೋಗಂಗಿಲ್ಲೇನು?” ಅಂತ ಕಾಕಾ ಕೇಳಿದರು. ಗಂಜಿನವರು ತೂಕದ ಪ್ರಶ್ನೆಯನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ದೇಶದೇಶಗಳಲ್ಲಿ ಜನರನ್ನು ತಿಂಗಳುಗಟ್ಟಲೆ ಮಲಗಿಸಿದ್ದಾರೆ. ಮಂಚದ ತಲೆಯ ಕಡೆ ತಗ್ಗು, ಕಾಲಿನ ಕಡೆ ಎತ್ತರ, 6 ಡಿಗ್ರಿ ಓರೆ. ಭೂಮಿಯ ಮೇಲೆ ತೂಕವಿಲ್ಲದ ಸ್ಥಿತಿಯನ್ನು ಅಣಕು ಮಾಡುವ ಒಪ್ಪಿತ ದಾರಿ ಇದು. ಶುರು ಮಾಡಿದವರು ಸೋವಿಯತ್ ವೈದ್ಯರು. 1970ರಲ್ಲಿ ಸೊಯುಜ್-9 ಬಾಹ್ಯಾಕಾಶ ನೌಕೆಯಲ್ಲಿ ಸುಮಾರು 18 ದಿನ ಇದ್ದು ಬಂದ ನಿಕೊಲಾಯೆವ್, ಸೆವಾಸ್ತ್ಯಾನೊವ್ ಇಬ್ಬರೂ ಇಳಿದ ಮೇಲೆ ನೆಟ್ಟಗೆ ನಡೆಯಲಾಗದೆ ಒದ್ದಾಡಿದ್ದರು. ಹಾಗೆ ಹಿಂತಿರುಗಿದವರು ಸಪಾಟು ಮಂಚದ ಮೇಲೆ ಮಲಗಿದರೆ ಕಾಲಿನ ಕಡೆಗೆ ಜಾರುತ್ತಿದ್ದೇವೆ ಅನ್ನುತ್ತಿದ್ದರಂತೆ. ಮಂಚದ ಕಾಲಕಡೆ ಎತ್ತಿಕೊಟ್ಟರೆ ಅವರಿಗೆ ಸಪಾಟು ಅನ್ನಿಸುತ್ತಿತ್ತು. ಮುಂದೆ ಬೇರೆ ಬೇರೆ ಕೋನ ಪರೀಕ್ಷಿಸಿ 6 ಡಿಗ್ರಿಗೆ ಬಂದು ನಿಂತರು.

6 ಡಿಗ್ರಿ ಅಂದರೆ ಎಷ್ಟು ಅಂತ ತಿಳಿಯಬೇಕಾದರೆ ಹೀಗೆ ನೋಡಿ. ಆರು ಅಡಿ ಮಂಚಕ್ಕೆ ಕಾಲಿನ ಕಡೆ ಸುಮಾರು 19 ಸೆಂ.ಮೀ. ಎತ್ತಬೇಕು. ನಮ್ಮ ಕಡೆ ಮನೆ ಕಟ್ಟಿದವರ ಹಿತ್ತಲಲ್ಲಿ ಬಿದ್ದಿರುವ ಶಹಾಬಾದ್ ಫರಸಿ ತುಂಡುಗಳನ್ನು ಐದಾರು ಪೇರಿಸಿ ಮಂಚದ ಕಾಲಿಗೆ ಕೊಟ್ಟರೆ ಮುಗಿಯಿತು. ನಾಸಾ ಕುರ್ಚಿಗಿಂತ ಇದೇ ನಾಸಾಕ್ಕೆ ಹತ್ತಿರ, ಅದೂ ಪುಕ್ಕಟೆ. ಆದರೆ ಮನೆಯ ಹಿರಿಯರ ಮೇಲೆ, ಬಿಪಿ ಇದ್ದವರ ಮೇಲೆ ಮಾಡಲು ಹೋಗಬೇಡಿ. ನಾನೇ ಒಂದು ಮಧ್ಯಾಹ್ನ ಮಲಗಿ ನೋಡಿದೆ. ಮೂಗು ಕಟ್ಟಿತು, ಮುಖ ಭಾರವಾಯಿತು, ಕಣ್ಣ ಕೆಳಗೆ ಊದಿಕೊಂಡಿತು. ಬುದ್ಧಿ ಚುರುಕಾದದ್ದು ಗೊತ್ತಾಗಲಿಲ್ಲ. ನಿದ್ದೆ ಮಾತ್ರ ಬಂತು.

ಜರ್ಮನಿಯ ಕೊಲೋನಿನಲ್ಲಿ 2019ರಲ್ಲಿ ನಡೆದದ್ದು ದೊಡ್ಡ ಪ್ರಯೋಗ. ಅಲ್ಲಿನ ಬಾಹ್ಯಾಕಾಶ ಕೇಂದ್ರ, ನಾಸಾ, ಯುರೋಪಿನ ಬಾಹ್ಯಾಕಾಶ ಸಂಸ್ಥೆ ಸೇರಿ ಮಾಡಿದ್ದು. ಒಪ್ಪಿಕೊಂಡು ಬಂದವರು 60 ದಿನ ಹಾಗೇ ತಲೆ ತಗ್ಗಿಸಿಕೊಂಡು ಮಲಗಿದರು. ಊಟ, ಸ್ನಾನ, ಎರಡಕ್ಕೆ, ಎಲ್ಲಾ ಮಲಗಿಯೇ. ಒಂದು ಭುಜ ಯಾವಾಗಲೂ ಹಾಸಿಗೆಗೆ ತಾಗಿರಬೇಕು. ಹಿಂದಿನ ಮುಂದಿನ ತಪಾಸಣೆ ಸೇರಿ 89 ದಿನಕ್ಕೆ 16,500 ಯೂರೋ ಸಂಭಾವನೆ. ಇದನ್ನು ಹೇಳಿದಾಗ ಕಾಕಾ ಕುರ್ಚಿಯಲ್ಲೇ ಎದ್ದು ಕೂತರು. “ಮಲಗಿದ್ದಕ್ಕ ರೊಕ್ಕ ಅವರು ಕೊಡ್ತಾರ, ನಾ ಇಲ್ಲಿ ರೊಕ್ಕ ಕೊಟ್ಟು ಮಲಗೀನಿ!”

ಇಂಥ ಪ್ರಯೋಗಗಳಲ್ಲಿ ಮೆದುಳಿನ ರಕ್ತ ಅಳೆಯಲು ಡಾಪ್ಲರ್ ಬಳಸುತ್ತಾರೆ. ಕಣ್ಣಿಗೂ ಕಿವಿಗೂ ನಡುವೆ, ಕಣತಲೆಯ ಹತ್ತಿರ ಬುರುಡೆ ತೆಳ್ಳಗಿದೆ. ಅಲ್ಲಿ ಅಲ್ಟ್ರಾಸೌಂಡ್ ಕಡ್ಡಿ ಇಟ್ಟರೆ ಒಳಗಿನ ದೊಡ್ಡ ನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಅಂತ ಕೇಳಿಸುತ್ತದೆ. ರೂನೆ ಆಸ್ಲಿಡ್ ಮತ್ತು ಜೊತೆಯವರು 1982ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಅದು ಹೇಳುವುದು ವೇಗವನ್ನು. ನಾಳದ ಅಗಲ ಬದಲಾಗಿಲ್ಲ ಅಂತ ನಂಬಿ ಹರಿವಿನ ಅಂದಾಜು ಮಾಡಬೇಕು. ಹೀಗೆ ನೋಡಿದಾಗ, ತಲೆ ತಗ್ಗಿಸಿ ಮಲಗಿದವರ ಮೆದುಳಿಗೆ ರಕ್ತ ಭರಪೂರ ನುಗ್ಗಿದ್ದು ಕಾಣಲಿಲ್ಲ. ಕೆಲವು ಪ್ರಯೋಗಗಳಲ್ಲಿ ಮೊದಲಿನಷ್ಟೇ ಇತ್ತು, ಕೆಲವದರಲ್ಲಿ ಸ್ವಲ್ಪ ಕಡಿಮೆಯೇ ಆಗಿತ್ತು. 1998ರಲ್ಲಿ ನ್ಯೂರೋಲ್ಯಾಬ್ ಅನ್ನುವ ಶಟಲ್ ಯಾನದ ಗಗನಯಾತ್ರಿಗಳನ್ನು ಪರೀಕ್ಷಿಸಿದಾಗಲೂ, ಒತ್ತಡ ಏರಿಳಿದರೂ ಹರಿವನ್ನು ಹಿಡಿತದಲ್ಲಿ ಇಡುವ ಮೆದುಳಿನ ಚಳಕ ಕೆಟ್ಟಿರಲಿಲ್ಲ.

ಹಾಗಾದರೆ ಬಾಹ್ಯಾಕಾಶದಲ್ಲಿ ಅವರ ಮುಖ ಊದಿಕೊಳ್ಳುವುದು ಯಾಕೆ? ಕಾಲಿನಿಂದ ಲೀಟರುಗಟ್ಟಲೆ ನೀರಿನಂಶ ಮೇಲೆ ಸರಿಯುತ್ತದೆ. ಕಾಲು ಕಡ್ಡಿಯಾಗುತ್ತದೆ, ಮುಖ ದುಂಡಗಾಗುತ್ತದೆ. ತೊಂದರೆ ಇರುವುದು ರಕ್ತ ಮೇಲೆ ಹೋಗುವ ಕಡೆ ಅಲ್ಲ, ಕೆಳಗೆ ಇಳಿಯುವ ಕಡೆ. ಮನೆಯಲ್ಲಿ ನೀರು ನಿಂತಿತು ಅಂದರೆ ನಲ್ಲಿ ಜೋರಾಗಿದೆ ಅಂತಲೇ ಅಲ್ಲವಲ್ಲ, ಮೋರಿ ಕಟ್ಟಿರಬಹುದು. 2019ರಲ್ಲಿ ಬಂದ ಒಂದು ವರದಿಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 11 ಜನರ ಕತ್ತಿನ ನಾಳ ನೋಡಿದ್ದರು. ಆರು ಜನರಲ್ಲಿ ಅಲ್ಲಿ ರಕ್ತ ನಿಂತೇ ಹೋಗಿತ್ತು, ಇಲ್ಲವೇ ಹಿಂದಕ್ಕೆ ಹರಿಯುತ್ತಿತ್ತು. ಒಬ್ಬರಿಗೆ ರಕ್ತ ಹೆಪ್ಪುಗಟ್ಟಿತ್ತು. ಕಾಕಾನ ಕತ್ತಿನಲ್ಲಿ ಉಬ್ಬಿದ್ದೂ ಅದೇ ಜಾತಿಯ ನಾಳ. ಇಲ್ಲಿ ಎದ್ದು ಕೂತರೆ ಮರುಗಳಿಗೆ ಖಾಲಿ. ಅಲ್ಲಿ ಎದ್ದು ಕೂರುವುದು ಅಂತಲೇ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ ಪ್ರಯೋಗ ಇನ್ನೊಂದಿದೆ. ಕ್ಯಾನ್ಸರಿನಿಂದ ಗುಣವಾದ ಕೆಲವರಿಗೆ, ಔಷಧಿ ಹಾಕಲೆಂದು ನೆತ್ತಿಯ ಚರ್ಮದ ಕೆಳಗೆ ಮೆದುಳಿನೊಳಕ್ಕೆ ಹೋಗುವ ಸಣ್ಣ ದ್ವಾರ ಇಟ್ಟಿರುತ್ತಾರೆ. ಅಂಥವರು ತಾವಾಗಿ ಮುಂದೆ ಬಂದು, ಆ ದ್ವಾರದ ಮೂಲಕ ತಲೆಯೊಳಗಿನ ಒತ್ತಡ ಅಳೆಯಲು ಒಪ್ಪಿದರು. ಮೇಲಕ್ಕೇರಿ ಕೆಳಕ್ಕೆ ಬೀಳುವ ವಿಮಾನದಲ್ಲಿ ಒಂದೊಂದು ಸಲಕ್ಕೆ ಇಪ್ಪತ್ತು ಸೆಕೆಂಡಿನಷ್ಟು ತೂಕವಿಲ್ಲದ ಸ್ಥಿತಿ ಸಿಗುತ್ತದೆ, ಆ ವಿಮಾನದಲ್ಲಿ. ಎಂಥ ಧೈರ್ಯ ನೋಡಿ! 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ತೂಕವಿಲ್ಲದಾಗ ತಲೆಯೊಳಗಿನ ಒತ್ತಡ ಮಲಗಿದ್ದಾಗಿನದಕ್ಕಿಂತ ಸ್ವಲ್ಪ ಕಡಿಮೆ ಇತ್ತು, ಆದರೆ ನೆಟ್ಟಗೆ ಕೂತಾಗಿನದಕ್ಕಿಂತ ಎಷ್ಟೋ ಹೆಚ್ಚು. ಭೂಮಿಯ ಮೇಲೆ ನಾವು ದಿನದ ಮುಕ್ಕಾಲು ಪಾಲು ಕೂತು, ನಿಂತು ಇರುತ್ತೇವೆ. ಅಷ್ಟು ಹೊತ್ತೂ ತಲೆಯೊಳಗಿನ ಒತ್ತಡ ಇಳಿದಿರುತ್ತದೆ. ಗಗನಯಾತ್ರಿಗೆ ಆ ಬಿಡುವು ಹಗಲಿಲ್ಲ ರಾತ್ರಿಯಿಲ್ಲ ಸಿಗುವುದೇ ಇಲ್ಲ. ತಿಂಗಳುಗಟ್ಟಲೆ ಅಲ್ಲಿದ್ದು ಬಂದ ಕೆಲವರ ಕಣ್ಣಿನ ನರದ ತುದಿ ಊದಿಕೊಳ್ಳುವುದಕ್ಕೆ ಇದೂ ಒಂದು ಕಾರಣ ಅಂತ ಎಣಿಸುತ್ತಾರೆ.

ಕುರ್ಚಿ ಕೊಳ್ಳುವವರು ಇಲ್ಲಿ ಗಮನಿಸಬೇಕು. ಜಾಹೀರಾತು ಹೇಳುವುದು ‘ಗಗನಯಾತ್ರಿಯ ಹಾಗೆ ಒರಗಿರಿ, ಮೆದುಳಿಗೆ ಒಳ್ಳೆಯದು’ ಅಂತ. ಗಗನಯಾತ್ರಿಯ ವೈದ್ಯರು ಒದ್ದಾಡುತ್ತಿರುವುದು ಅವರನ್ನು ಆ ಸ್ಥಿತಿಯಿಂದ ಕಾಪಾಡುವುದು ಹೇಗೆ ಅಂತ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗಲೂ ಮೆದುಳಿನ ರಕ್ತದ ಹರಿವನ್ನು ಅಲ್ಟ್ರಾಸೌಂಡಿನಲ್ಲಿ ನೋಡುವ ಪ್ರಯೋಗ ಅವರ ಪಟ್ಟಿಯಲ್ಲಿತ್ತು. ತೂಕವಿಲ್ಲದಿರುವುದರ ಜೊತೆಗೆ ಅಲ್ಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವುದೂ ವೈದ್ಯರ ಚಿಂತೆ.

ಯಾಕಂದರೆ ಮೆದುಳಿನ ನಾಳಗಳನ್ನು ಖಂಡಿತವಾಗಿ ಅಗಲ ಮಾಡುವುದು ಈ ಅನಿಲ. ಉಸಿರು ಬಿಗಿಹಿಡಿದರೆ ರಕ್ತದಲ್ಲಿ ಅದು ಏರುತ್ತದೆ, ಮೆದುಳಿಗೆ ರಕ್ತ ಹೆಚ್ಚುತ್ತದೆ. ಜೋರುಜೋರಾಗಿ ಉಸಿರಾಡಿದರೆ ಇಳಿಯುತ್ತದೆ, ಆಗ ರಕ್ತ ಕಡಿಮೆಯಾಗಿ ತಲೆ ಹಗುರ ಅನ್ನಿಸುತ್ತದೆ. ಹೆಚ್ಚಾದರೆ ಒಳ್ಳೆಯದು ಅಂತಲೂ ಇಲ್ಲ. ಕೊಲೋನಿನಲ್ಲೇ 2017ರಲ್ಲಿ 11 ಜನರನ್ನು ತಲೆ ತಗ್ಗಿಸಿ, ನೂರಕ್ಕೆ ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಇರುವ ಕೋಣೆಯಲ್ಲಿ 30 ದಿನ ಮಲಗಿಸಿದ್ದರು. ದಿಂಬೂ ಕೊಟ್ಟಿರಲಿಲ್ಲ. ಐವರ ಕಣ್ಣಿನ ನರದ ತುದಿ ಊದಿತು.

ಕಾಕಾನ ತಲೆ ತಿರುಗುವುದಕ್ಕೆ ಬರುತ್ತೇನೆ. ಒಂದು ಸಂಜೆ ಅವರು ಜೀರೋ ಗ್ರಾವಿಟಿಯಲ್ಲಿ ಇದ್ದಾಗಲೇ ಕರೆಂಟ್ ಹೋಯಿತು. ಕುರ್ಚಿಗೆ ಇನ್ವರ್ಟರ್ ಲೈನ್ ಕೊಟ್ಟಿರಲಿಲ್ಲ. ಕಾಲು ಮೇಲೆ, ತಲೆ ಹಿಂದೆ, ಕುರ್ಚಿ ಅಲ್ಲಾಡುವುದಿಲ್ಲ. ಸ್ವಲ್ಪ ಹೊತ್ತು ಕೂಗಿ ನೋಡಿದರು. ಕಾಕು ಶರಣಬಸವೇಶ್ವರ ಗುಡಿಗೆ ಹೋಗಿದ್ದರು. ಕೊನೆಗೆ ಸಿಟ್ಟು ಬಂದು ಪಕ್ಕಕ್ಕೆ ಹೊರಳಿ, ಗಕ್ಕನೆ ಇಳಿದು ನಿಂತರು. ಕಣ್ಣು ಕತ್ತಲೆ ಬಂದು ಟೀಪಾಯಿ ಹಿಡಿದುಕೊಂಡರು. ಬೀಳಲಿಲ್ಲ, ಪುಣ್ಯ.

ಆಗ ಅವರ ಮೆದುಳಿಗೆ ರಕ್ತ ಕಡಿಮೆ ಆದದ್ದು ಖರೆ. ನಿಂತ ಕೂಡಲೇ ಅರ್ಧ ಮುಕ್ಕಾಲು ಲೀಟರ್ ರಕ್ತ ಹೊಟ್ಟೆ ಮತ್ತು ಕಾಲಿನ ಕಡೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ದೇಹಕ್ಕೆ ಕೆಲವು ಸೆಕೆಂಡು ಬೇಕು. ವಯಸ್ಸಾದವರಿಗೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ ಹೊತ್ತು. ಬಹಳ ವರ್ಷ ಬಿಪಿ ಇದ್ದವರ ಮೆದುಳು ಮೇಲಿನ ಒತ್ತಡಕ್ಕೇ ಹೊಂದಿಕೊಂಡಿರುತ್ತದೆ, ಹಾಗಾಗಿ ಗಕ್ಕನೆ ಇಳಿದರೆ ಬೇಗ ಕಣ್ಣು ಕತ್ತಲೆ ಬರುತ್ತದೆ. ಮಂಚದ ಮೇಲೆ ಅರವತ್ತು ದಿನ ಕಳೆದವರಿಗೂ ಎದ್ದ ದಿನ ಕಾಡುವುದು ಇದೇ. ರಕ್ತದ ನೀರಿನಂಶ ಶೇಕಡಾ ಹತ್ತು ಹದಿನೈದರಷ್ಟು ಇಳಿದಿರುತ್ತದೆ. ನಿಲ್ಲಿಸಿದರೆ ಎಷ್ಟೋ ಜನರಿಗೆ ತಲೆ ಸುತ್ತು ಬರುತ್ತದೆ.

ಕಾಕಾನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಲಗಿಸಿ ಒಮ್ಮೆ, ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೆ ಬಿಪಿ ನೋಡಬೇಕು. ಮೇಲಿನ ಸಂಖ್ಯೆ 20 ಇಳಿದರೆ ಅದು ಕಾಯಿಲೆ ಲೆಕ್ಕಕ್ಕೆ ಬರುತ್ತದೆ. ಅವರದು ಇಳಿಯಿತು. ಮಾತ್ರೆಯ ಪ್ರಮಾಣ ಬದಲಾಯಿತು, ನೀರು ಹೆಚ್ಚು ಕುಡಿಯಲು ಹೇಳಿದರು. ಈಗ ತಲೆ ತಿರುಗುವುದು ಬಹಳ ಕಡಿಮೆ. ಇದರಲ್ಲಿ ಕುರ್ಚಿಯ ಪಾಲಿಲ್ಲ. ಹಾಗಂತ ಕಾಲು ಮೇಲೆತ್ತುವುದು ಕೆಲಸಕ್ಕೆ ಬಾರದ್ದು ಅನ್ನುವುದಿಲ್ಲ. ತಲೆ ಸುತ್ತು ಬಂದವರನ್ನು ಮಲಗಿಸಿ ಕಾಲು ಎತ್ತಿದರೆ ರಕ್ತ ವಾಪಸ್ ಬಂದು ಸುಧಾರಿಸಿಕೊಳ್ಳುತ್ತಾರೆ. ಕಡಿಮೆ ಆಗಿದ್ದಾಗ ತುಂಬಲು ಅದು ಬರುತ್ತದೆ. ಸರಿಯಾಗಿ ಇರುವವರಿಗೆ ಇನ್ನಷ್ಟು ತುಂಬಲು ಬರುವುದಿಲ್ಲ.

ಇದೇ ಮಾತು ಹೇಳಿ ತಲೆಕೆಳಗು ನೇತುಹಾಕುವ ಟೇಬಲ್ಲನ್ನೂ ಮಾರುತ್ತಾರೆ. ಅದು ಇದಕ್ಕಿಂತ ಕಷ್ಟದ್ದು. ಶೀರ್ಷಾಸನ ಮಾಡುವ 75 ಜನರನ್ನು ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ್ದರು. ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಸುಮಾರು ಎರಡರಷ್ಟಾಗಿತ್ತು. ಗ್ಲಾಕೋಮಾ ಇದ್ದವರು, ಬಿಪಿ ಇದ್ದವರು ಅದರ ತಂಟೆಗೇ ಹೋಗಬಾರದು. ಕುರ್ಚಿಯಲ್ಲಿ ತಲೆ ಮೇಲೇ ಇರುವುದರಿಂದ ಆ ಭಯ ಇಲ್ಲ. ಆದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು ಗಾಳಿಚೀಲ ಬಳಸಬೇಡಿ. ಮೂಳೆ ಸವೆದವರು, ಪೇಸ್‌ಮೇಕರ್ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಕೂರಬೇಕು. ಊಟ ಆದ ಕೂಡಲೇ ವಾಲಬೇಡಿ, ಜೋಳದ ರೊಟ್ಟಿ, ಖಾರದ ಪಲ್ಯ ಎಲ್ಲಾ ಗಂಟಲಿಗೆ ಬರುತ್ತದೆ. ಇಳಿಯುವಾಗ ಕುರ್ಚಿಯನ್ನು ಪೂರ್ತಿ ನೆಟ್ಟಗೆ ಮಾಡಿ, ಒಂದು ನಿಮಿಷ ಕೂತು, ಪಾದ ಅಲ್ಲಾಡಿಸಿ, ಆಮೇಲೆ ಏಳಿ.

ನೆನಪಿನ ಶಕ್ತಿಗೆ ಕುರ್ಚಿ ಬೇಡ. ಕಾಕಾನಿಗೆ ದಿನಾ ಬೆಳಗ್ಗೆ ಅಪ್ಪನ ಕೆರೆಯ ಕಡೆ ನಡೆದು ಬರಲು ಹೇಳಿದ್ದೇನೆ. ಹೋಗುತ್ತಾರೆ, ನಡುನಡುವೆ ತಪ್ಪಿಸುತ್ತಾರೆ. ತಪ್ಪಿಸಿದ ದಿನ “ಇವತ್ತು ಕುರ್ಚಿ ಮ್ಯಾಗ ಕೂತೀನಲ್ಲ” ಅನ್ನುವ ನೆಪ ಸಿಕ್ಕಿದೆ. ಈ ಕುರ್ಚಿಯ ದೊಡ್ಡ ದೋಷ ನನ್ನ ಕಣ್ಣಿಗೆ ಇದೇ.

ಅಂಕ ಕೊಡುವುದಾದರೆ ಮಸಾಜಿಗೆ ಐದಕ್ಕೆ ನಾಲ್ಕು. ಕಾಲಿನ ಗಾಳಿಚೀಲಕ್ಕೆ ಐದಕ್ಕೆ ಐದು, ಕೆಡದಿದ್ದರೆ. ಸರ್ವಿಸಿಗೆ ಒಂದೂವರೆ. ಮೆದುಳಿನ ಮಾತಿಗೆ ಸೊನ್ನೆ. ಬರೀ ಕಾಲು ನೋವು ಇರುವವರು ಕಾಲಿಗೆ ಮಾತ್ರ ಇರುವ ಸಣ್ಣ ಮಶೀನು ಕೊಳ್ಳಿ, ಹತ್ತು ಹದಿನೈದು ಸಾವಿರದಲ್ಲಿ ಮುಗಿಯುತ್ತದೆ. ದೊಡ್ಡ ಕುರ್ಚಿಯೇ ಬೇಕು ಅಂದರೆ ಇನ್ವರ್ಟರ್ ಲೈನಿಗೆ ಕೊಡಿಸಿ, ಸ್ಟೆಬಿಲೈಸರ್ ಹಾಕಿಸಿ, ರಿಪೇರಿಯವನು ಯಾವ ಊರಿಂದ ಬರುತ್ತಾನೆ ಅಂತ ಕೇಳಿಕೊಳ್ಳಿ. ಮೆದುಳು, ನಾಸಾ ಅಂತ ಶುರು ಮಾಡಿದರೆ ‘ತಲೆ ಹೃದಯಕ್ಕಿಂತ ಎಷ್ಟು ಸೆಂ.ಮೀ. ಕೆಳಗೆ ಬರುತ್ತದೆ, ಟೇಪ್ ಕೊಡ್ರಿ ಅಳೀತೀನಿ’ ಅನ್ನಿ. ಮಾತು ಅಲ್ಲಿಗೆ ನಿಂತು ರೇಟಿನ ಮಾತು ಶುರುವಾಗುತ್ತದೆ. ಆಗ ಚೌಕಾಸಿ ಮಾಡಿ. ಕಾಕಾನ ಗೆಳೆಯರೊಬ್ಬರು ಹೀಗೇ ಕೇಳಿ ಹದಿನೆಂಟು ಸಾವಿರ ಇಳಿಸಿದ್ದಾರೆ.